ಮಿಕ್ಸ್ಡ್ ಕಂಟೆಂಟ್: ಪ್ಲಗಿನ್ನೋ, ಹೆಡರೋ, ಡೇಟಾಬೇಸೋ?

ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಹಾಕಿದ ಮೇಲೂ ವರ್ಡ್‌ಪ್ರೆಸ್ ಸೈಟು ತೆರೆದಾಗ ಬ್ರೌಸರ್ ಕನ್ಸೋಲ್‌ನಲ್ಲಿ ಮಿಕ್ಸ್ಡ್ ಕಂಟೆಂಟ್ ಎಚ್ಚರಿಕೆ (ಸುರಕ್ಷಿತ ಪುಟದೊಳಗೆ ಹಳೆ ಎಚ್‌ಟಿಟಿಪಿ ವಿಳಾಸದ ಚಿತ್ರ, ಫೈಲುಗಳಿವೆ ಎಂಬ ದೂರು) ಬರುತ್ತಿದ್ದರೆ ನನ್ನ ಓಟು ಡೇಟಾಬೇಸಿನಲ್ಲಿರುವ ಆ ವಿಳಾಸಗಳನ್ನು ತಿದ್ದುವುದಕ್ಕೇ.

ಲಿಂಕುಗಳನ್ನು ಎಚ್‌ಟಿಟಿಪಿಎಸ್ ಮಾಡುವ ಪ್ಲಗಿನ್ ಒಂದು ಕ್ಲಿಕ್ಕಿನ ಕೆಲಸ, ನಿಜ. ಆದರೆ ಅದು ಪುಟ ಹೊರಗೆ ಹೋಗುವಾಗ ಲಿಂಕು ಬದಲಿಸುತ್ತದೆ. ಪ್ಲಗಿನ್ ತೆಗೆದ ದಿನ ಎಚ್ಚರಿಕೆಗಳೆಲ್ಲ ವಾಪಸ್. ಸಿಎಸ್‌ಎಸ್ ಫೈಲಿನೊಳಗೆ ಬರೆದಿಟ್ಟ ಹಿನ್ನೆಲೆ ಚಿತ್ರದ ವಿಳಾಸವಂತೂ ಅದರ ಕೈಗೆ ಸಿಗುವುದೇ ಇಲ್ಲ.

ಇನ್ನು ಹೆಡರ್, ಅಂದರೆ ಪುಟದ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆ. ಕಂಟೆಂಟ್-ಸೆಕ್ಯೂರಿಟಿ-ಪಾಲಿಸಿ ಹೆಡರ್‌ನಲ್ಲಿ 'ಅಪ್‌ಗ್ರೇಡ್-ಇನ್‌ಸೆಕ್ಯೂರ್-ರಿಕ್ವೆಸ್ಟ್ಸ್' ಎಂದು ಬರೆದರೆ ಬ್ರೌಸರ್ ಎಚ್‌ಟಿಟಿಪಿ ವಿಳಾಸಗಳನ್ನು ಎಚ್‌ಟಿಟಿಪಿಎಸ್‌ನಲ್ಲೇ ಕೇಳುತ್ತದೆ; ಸರ್ವರ್ ಕಾನ್ಫಿಗ್‌ನಲ್ಲಿ ಒಂದೇ ಸಾಲು. ಸಿಎಸ್‌ಎಸ್ ಒಳಗಿನದನ್ನೂ ಹಿಡಿಯುತ್ತದೆ. ಹೊರಗಿನ ಸರ್ವರ್‌ನಲ್ಲಿ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಮಾತ್ರ ಆ ಚಿತ್ರ ಬರುವುದೇ ಇಲ್ಲ.

ಡೇಟಾಬೇಸಿನ ದಾರಿಯಲ್ಲಿ ಎಡವುವ ದೊಡ್ಡ ಕಲ್ಲು ಸೀರಿಯಲೈಸ್ಡ್ ಡೇಟಾ, ಅಂದರೆ ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿ ಒಂದೇ ಸಾಲಾಗಿ ಮಡಚಿಟ್ಟ ಮಾಹಿತಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳಲ್ಲಿ ವಿಳಾಸದ ಜೊತೆ ಅದರ ಉದ್ದವೂ ಸೇರಿಕೊಂಡಿರುತ್ತದೆ. 18 ಅಕ್ಷರದ ವಿಳಾಸವಾದರೆ ಅದಕ್ಕೂ ಮೊದಲು 'ಎಸ್:18' ಎಂದಿರುತ್ತದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸ್ ತಿದ್ದುವ ವೆಬ್ ಟೂಲ್) ನೇರ ರಿಪ್ಲೇಸ್ ಕ್ವೆರಿ ಓಡಿಸಿದರೆ ಎಚ್‌ಟಿಟಿಪಿಗೆ 'ಎಸ್' ಸೇರಿ ವಿಳಾಸ 19 ಅಕ್ಷರವಾಗುತ್ತದೆ, ಲೆಕ್ಕ 18ರಲ್ಲೇ ಉಳಿಯುತ್ತದೆ. ಪಿಎಚ್‌ಪಿಗೆ ಅದನ್ನು ಬಿಡಿಸಲಾಗದೆ ಆ ಸೆಟ್ಟಿಂಗ್ ಪೂರ್ತಿ ಖಾಲಿ. ಎರರ್ ಕೂಡ ಕಾಣದಿರಬಹುದು, ಸೈಡ್‌ಬಾರ್ ಸುಮ್ಮನೆ ಮಾಯ.

ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಟೂಲ್ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಉದ್ದವನ್ನೂ ತಾನೇ ಸರಿಮಾಡುತ್ತದೆ. ಮೊದಲು ಬ್ಯಾಕಪ್, ಆಮೇಲೆ ಡ್ರೈ-ರನ್ (ಏನನ್ನೂ ಬದಲಿಸದ ತಾಲೀಮು), ಜಿಯುಐಡಿ ಕಾಲಂ (ಪೋಸ್ಟುಗಳ ಖಾಯಂ ಗುರುತು) ಬಿಟ್ಟು ಅಸಲಿ ಓಟ. ಹುಡುಕಬೇಕಾದ್ದು ನಿಮ್ಮ ಡೊಮೇನ್ ಸಮೇತ ಪೂರ್ತಿ ವಿಳಾಸ. ಬರೀ 'ಎಚ್‌ಟಿಟಿಪಿ' ಹುಡುಕಿ ಬದಲಿಸಿದರೆ ಎಸ್‌ವಿಜಿ ಚಿತ್ರಗಳ ನೇಮ್‌ಸ್ಪೇಸ್ (ವಿಳಾಸದಂತೆ ಕಾಣುವ ಗುರುತು) ಕೂಡ ಬದಲಾಗಿ ಐಕಾನ್‌ಗಳು ಹಾಳಾಗಬಹುದು. ಅದು ಬರೀ ಹೆಸರು, ಬ್ರೌಸರ್ ಅಲ್ಲಿಂದ ಏನನ್ನೂ ತರುವುದಿಲ್ಲ.

ಪುಟ ವಿನ್ಯಾಸದ ಪ್ಲಗಿನ್ ಎಲಿಮೆಂಟರ್ ಇದ್ದರೆ ಇನ್ನೊಂದು ಸುತ್ತು ಬೇಕು. ಅದು ವಿಳಾಸಗಳನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ, ಪ್ರತಿ ಸ್ಲ್ಯಾಶ್‌ಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಸೇರಿಸಿ ಇಡುವುದರಿಂದ ಮೊದಲ ಹುಡುಕಾಟಕ್ಕೆ ಸಿಗುವುದಿಲ್ಲ. ಅದರದ್ದೇ 'ರಿಪ್ಲೇಸ್ ಯುಆರ್‌ಎಲ್' ಟೂಲ್ ಬಳಸಿ, ನಂತರ ಸಿಎಸ್‌ಎಸ್ ಮರುಸೃಷ್ಟಿಸಿ.

ಅಗ್ಗದ ಹೋಸ್ಟಿಂಗ್, ಎಸ್‌ಎಸ್‌ಎಚ್ (ಸರ್ವರಿನಲ್ಲಿ ಕಮಾಂಡ್ ಓಡಿಸುವ ದಾರಿ) ಇಲ್ಲವೇ? ಬೆಟರ್ ಸರ್ಚ್ ರಿಪ್ಲೇಸ್ ಪ್ಲಗಿನ್ ಹಾಕಿ, ಇದೇ ಕೆಲಸ ಮಾಡಿಸಿ, ತೆಗೆದುಬಿಡಿ. ಡೇಟಾಬೇಸ್ ಶುದ್ಧವಾದ ಮೇಲೂ ಥೀಮ್, ಪ್ಲಗಿನ್ ಫೈಲುಗಳು ಎಚ್‌ಟಿಟಿಪಿಯಲ್ಲೇ ಬರುತ್ತಿದ್ದರೆ ಸರ್ವರಿನ ಮುಂದೆ ಪ್ರಾಕ್ಸಿ (ಬೇಡಿಕೆಗಳನ್ನು ದಾಟಿಸುವ ನಡುವಿನ ಸರ್ವರ್) ಇದೆಯೇ ನೋಡಿ: ಓದುಗ ಎಚ್‌ಟಿಟಿಪಿಎಸ್‌ನಲ್ಲಿ ಬಂದನೆಂದು ಪ್ರಾಕ್ಸಿ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಓದುವ ಸಾಲು ಡಬ್ಲ್ಯೂಪಿ-ಕಾನ್ಫಿಗ್‌ನಲ್ಲಿ ಇರಬೇಕು. ಮೇಲೆ ಹೇಳಿದ ಅಪ್‌ಗ್ರೇಡ್ ಹೆಡರನ್ನು ಕೊನೆಗೆ ಹಾಕುತ್ತೇನೆ. ಮೊದಲೇ ಹಾಕಿದರೆ ಉಳಿದ ಹಳೆ ಲಿಂಕುಗಳು ಕಣ್ಣಿಗೇ ಬೀಳುವುದಿಲ್ಲ.