ತಿಂಗಳಿಗೆ 46 ಡಾಲರ್ ಚಂದಾ: ನೌಕರರ ಸಂಘದ ಸದಸ್ಯತ್ವಕ್ಕೆ ನನ್ನ ಮೂರೂವರೆ ಸ್ಟಾರ್

ಮಿಕ್ಸಿಗೆ ರಿವ್ಯೂ ಬರೆದಿದ್ದೇನೆ, ಇಡ್ಲಿ ಹಿಟ್ಟಿಗೆ ಬರೆದಿದ್ದೇನೆ, ಆರು ವರ್ಷದಿಂದ ತಪ್ಪದೆ ದುಡ್ಡು ಕಟ್ಟುತ್ತಿರುವ ಈ ಸೇವೆಗೆ ಮಾತ್ರ ಬರೆದಿಲ್ಲ. ನಾನು ಅಮೆರಿಕದ ಮಿಷಿಗನ್‌ನಲ್ಲಿ ಒಂದು ಕೌಂಟಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆಯ ತಾಲ್ಲೂಕು ಕಚೇರಿ ಅಂದುಕೊಳ್ಳಿ. ಆಸ್ತಿ ದಾಖಲೆ, ತೆರಿಗೆ, ಕೌಂಟರ್ ಮುಂದೆ ಕ್ಯೂ, ಎಲ್ಲಾ ಇದೆ. ಹೊರಗೆ ಮರದ ಕೆಳಗೆ ಟೈಪಿಂಗ್ ಮಷಿನ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವರು ಇಲ್ಲ, ಅಷ್ಟೇ. ಇಲ್ಲಿ ನೌಕರರ ಸಂಘ ಇದೆ. ಅದರ ಹೆಸರು ಹೇಳಲ್ಲ, ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೊದಲು ಈ ಸೇವೆಯ ವಿಚಿತ್ರ ಹೇಳಿಬಿಡ್ತೀನಿ. ಇದಕ್ಕೆ ದುಡ್ಡು ಕೊಡಲೇಬೇಕು ಅಂತೇನಿಲ್ಲ. ಕೊಡದಿದ್ದರೂ ಸಿಗುತ್ತದೆ!

ಇದರ ಹಿಂದೆ 'ರೈಟ್ ಟು ವರ್ಕ್' ಅನ್ನೋ ಕಾನೂನಿನ ಕಥೆ ಇದೆ. ಮೊದಲ ಸಲ ಕೇಳಿದಾಗ ನಾನು ನಮ್ಮ ಉದ್ಯೋಗ ಖಾತ್ರಿ ಥರದ್ದೇನೋ, ಸರ್ಕಾರ ಕೆಲಸ ಕೊಡುತ್ತದೆ ಅಂದುಕೊಂಡಿದ್ದೆ. ಅಲ್ಲ. ಸಂಘಕ್ಕೆ ಒಂದು ಪೈಸೆಯನ್ನೂ ಕೊಡದೆ ಕೆಲಸದಲ್ಲಿ ಉಳಿಯುವ ಹಕ್ಕು ಅದು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆ ಬಂದಾಗ, ಇಂಥ ಕಾನೂನು ಬೇಕಾ ಬೇಡವಾ ನೀವೇ ನೋಡಿಕೊಳ್ಳಿ ಅಂತ ರಾಜ್ಯಗಳಿಗೆ ಬಿಟ್ಟರು. ಈಗ 26 ರಾಜ್ಯಗಳಲ್ಲಿ ಇದೆ. ಮಿಷಿಗನ್ ಅಂದರೆ ಕಾರು ಕಾರ್ಖಾನೆ, ಕಾರ್ಮಿಕ ಸಂಘಗಳ ತವರುಮನೆ. ಇಲ್ಲೂ 2012ರ ಡಿಸೆಂಬರ್‌ನಲ್ಲಿ ಪಾಸು ಮಾಡಿದರು, ಸಾವಿರಾರು ಜನ ಲ್ಯಾನ್ಸಿಂಗ್‌ನ ಶಾಸನಸಭೆ ಮುಂದೆ ಚಳಿಯಲ್ಲಿ ನಿಂತು ಕೂಗಿದರೂ ನಿಲ್ಲಲಿಲ್ಲ. ಆಮೇಲೆ ಸರ್ಕಾರ ಬದಲಾಯಿತು. 2023ರಲ್ಲಿ ರದ್ದು ಮಾಡಿದರು, 2024ರ ಫೆಬ್ರವರಿಯಿಂದ ಕಾನೂನು ಹೋಯಿತು.

ಅವತ್ತು ಕಾರ್ಖಾನೆಯಲ್ಲಿರುವ ಗೆಳತಿ ಫೋನ್ ಮಾಡಿ, "ಇನ್ನು ನಿಮ್ಮ ಆಫೀಸಲ್ಲೂ ಎಲ್ಲರೂ ಕಟ್ಟಲೇಬೇಕು ಬಿಡು" ಅಂದಳು. ಇಲ್ಲಮ್ಮ, ನಮಗೆ ಏನೂ ಬದಲಾಗಲ್ಲ ಅಂದೆ. ಸರ್ಕಾರಿ ನೌಕರರ ವಿಷಯವನ್ನು ಅದಕ್ಕೂ ಮೊದಲೇ, 2018ರಲ್ಲಿ, ದೇಶದ ಸುಪ್ರೀಂ ಕೋರ್ಟ್ ಮುಗಿಸಿಬಿಟ್ಟಿತ್ತು. ಇಲಿನಾಯ್ ರಾಜ್ಯದ ನೌಕರ ಮಾರ್ಕ್ ಜೇನಸ್ ಹಾಕಿದ ಕೇಸು ಅದು. ಅವರು ಸದಸ್ಯರಲ್ಲ, ಆದರೂ ತಿಂಗಳಿಗೆ ಸುಮಾರು 45 ಡಾಲರ್ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಸರ್ಕಾರದ ಜೊತೆ ಸಂಘ ಆಡುವ ಮಾತೆಲ್ಲ ರಾಜಕೀಯವೇ, ಒಪ್ಪದವನಿಂದ ಅದಕ್ಕೆ ದುಡ್ಡು ಕಿತ್ತುಕೊಳ್ಳುವ ಹಾಗಿಲ್ಲ ಅಂತ 5-4ರಲ್ಲಿ ತೀರ್ಪಾಯಿತು. ಸದಸ್ಯರಲ್ಲದವರಿಂದಲೂ ಹಾಗೆ ದುಡ್ಡು ತಗೋಬಹುದು ಅಂತ 1977ರಲ್ಲಿ ಇದೇ ಡೆಟ್ರಾಯಿಟ್‌ನ ಶಾಲಾ ಮಂಡಳಿಯ ಕೇಸಿನಲ್ಲಿ ಕೊಟ್ಟಿದ್ದ ತೀರ್ಪು ಬಿದ್ದುಹೋಯಿತು.

ಅಲ್ಲಿಗೆ ಏನಾಯ್ತು ಅಂದ್ರೆ, ಊರಹಬ್ಬಕ್ಕೆ ವಂತಿಗೆ ಕೊಟ್ಟವನೂ ಪಂಕ್ತಿಯಲ್ಲಿ, ಕೊಡದವನೂ ಪಂಕ್ತಿಯಲ್ಲಿ, ಬಡಿಸುವವನು ಮಾತ್ರ ಇಬ್ಬರಿಗೂ ಒಂದೇ ಸೌಟು ಹಾಕಬೇಕು. ಸಂಬಳದ ಒಪ್ಪಂದ ಎಲ್ಲರಿಗೂ ಒಂದೇ. ದೂರು ಬಂದರೂ ಸಂಘ ಎಲ್ಲರ ಪರ ನಿಲ್ಲಲೇಬೇಕು. ನಮ್ಮ ರಾಜ್ಯದ ಸಾಗಿನಾ ಕೌಂಟಿಯಲ್ಲಿ ಒಂದು ಸಂಘ, ಸದಸ್ಯರಲ್ಲದವರ ದೂರು ನಡೆಸಲು ಬೇರೆ ಫೀಸು ಕೇಳಿತು. ಹಾಗೆ ಕೇಳುವ ಹಾಗಿಲ್ಲ ಅಂತ ಮಿಷಿಗನ್ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಸಂಘದವರು ಇದನ್ನು ಅನ್ಯಾಯ ಅಂತಾರೆ. ಅನ್ಯಾಯವೇ ಇರಬಹುದು, ಆದರೆ ಇಡೀ ಕಚೇರಿಗೆ ನಾವೊಬ್ಬರೇ ಪ್ರತಿನಿಧಿ, ಬೇರೆ ಯಾರೂ ಬರಬಾರದು ಅನ್ನೋ ಕಾನೂನನ್ನು ಬಿಡಲು ಅವರೂ ತಯಾರಿಲ್ಲ. ಊರಿಗೆಲ್ಲ ಒಂದೇ ಹೋಟೆಲ್ ನಮ್ಮದೇ ಇರಲಿ ಅಂದಮೇಲೆ ಬಂದವರಿಗೆಲ್ಲ ಬಡಿಸಬೇಕಲ್ವಾ?

ಸರಿ, ಸೇವೆಗೆ ಬರೋಣ. ಮೊದಲು ಕೆಟ್ಟದ್ದು.

ಸೇರಿದ ಎರಡನೇ ವರ್ಷ ನಮ್ಮ ಸೀನಿಯರ್ ಒಬ್ಬರು ನಿವೃತ್ತರಾದರು, ಅವರ ಕೆಲಸವೆಲ್ಲ ನನ್ನ ಮೇಜಿಗೆ ಬಂತು, ಸಂಬಳ ಮಾತ್ರ ಹಳೆಯದೇ. ಮೇಲಿನ ದರ್ಜೆಯ ಕೆಲಸ ಮಾಡಿಸಿದರೆ ಆ ದರ್ಜೆಯ ಸಂಬಳ ಕೊಡಬೇಕು ಅಂತ ಒಪ್ಪಂದದಲ್ಲೇ ಇದೆ. ಆಗಿನ ಸ್ಟೀವರ್ಡ್‌ಗೆ (ನಮ್ಮ ಸೆಕ್ಷನ್ನಿನ ಸಂಘದ ಪ್ರತಿನಿಧಿ) ಹೇಳಿದೆ. "ನೋಡೋಣ" ಅಂದ. ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಹಾಕಿದೆ. ದೂರು ಕೊಡಲು ಹತ್ತು ಕೆಲಸದ ದಿನ ಗಡುವು ಇತ್ತು, ಆತ ಹನ್ನೆರಡನೇ ದಿನ ಕೊಟ್ಟ. ಗಡುವು ಮೀರಿದೆ ಅಂತ ಒಂದೇ ಸಾಲಿನಲ್ಲಿ ವಾಪಸ್ ಬಂತು. ಆರು ತಿಂಗಳ ವ್ಯತ್ಯಾಸದ ದುಡ್ಡು ಹೋಯಿತು. ಅದೇ ವಾರ ಸಂಘದಿಂದ ಬಣ್ಣದ ಕಾರ್ಡ್ ಮಾತ್ರ ಸರಿಯಾಗಿ ಮನೆಗೆ ಬಂತು, ಯಾರಿಗೆ ವೋಟು ಹಾಕಬೇಕು ಅಂತ. ಅವತ್ತು ಚಂದಾ ನಿಲ್ಲಿಸುವ ಫಾರ್ಮ್ ಡೌನ್‌ಲೋಡ್ ಮಾಡಿಟ್ಟುಕೊಂಡೆ. ಇವತ್ತಿಗೂ ಫೋಲ್ಡರ್‌ನಲ್ಲಿದೆ.

ಅದನ್ನು ಯಾಕೆ ತುಂಬಲಿಲ್ಲ ಅಂದ್ರೆ ಒಂದು ಮಂಗಳವಾರದ ಕಾರಣಕ್ಕೆ.

ಮ್ಯಾನೇಜರ್ ಬಂದು "ಐದು ನಿಮಿಷ ಬರ್ತೀಯಾ" ಅಂದರು. ಒಳಗೆ ಹೋದರೆ ಎಚ್ಆರ್‌ನವರು ಫೈಲ್ ತೆರೆದು ಕೂತಿದ್ದಾರೆ. ನನ್ನ ಲಾಗಿನ್‌ನಿಂದ ಯಾರೋ ತಮಗೆ ಸಂಬಂಧವಿಲ್ಲದ ದಾಖಲೆ ತೆಗೆದು ನೋಡಿದ್ದರಂತೆ. ನನ್ನ ಬಾಯಿ ಒಣಗಿತು. ಪರ್ಸಿನಲ್ಲಿ ಸಂಘದವರು ಕೊಟ್ಟ ಚಿಕ್ಕ ಕಾರ್ಡ್ ಇತ್ತು, ದಿನಸಿ ಅಂಗಡಿಯ ಕೂಪನ್‌ಗಳ ಮಧ್ಯೆ. ಇದರಿಂದ ನನ್ನ ಮೇಲೆ ಶಿಸ್ತು ಕ್ರಮ ಆಗಬಹುದು ಅನ್ನಿಸಿದರೆ ನನ್ನ ಪ್ರತಿನಿಧಿ ಇಲ್ಲದೆ ಉತ್ತರಿಸಲ್ಲ ಅಂತ ಅದರಲ್ಲಿ ಬರೆದಿದೆ. 1975ರ ವೈನ್‌ಗಾರ್ಟನ್ ತೀರ್ಪಿನಿಂದ ಬಂದ ಹಕ್ಕು ಇದು, ಖಾಸಗಿ ಕಂಪನಿ ಕೇಸಿನದು, ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರಿಗೂ ಇದೆ. ಒಂದೇ ತಕರಾರು, ಬಾಯಿಬಿಟ್ಟು ಕೇಳಬೇಕು. ಅವರಾಗಿ ಹೇಳಲ್ಲ. ಕಾರ್ಡ್ ನೋಡಿಕೊಂಡೇ ಓದಿದೆ, ಶಾಲೆಯಲ್ಲಿ ಪ್ರತಿಜ್ಞೆ ಓದಿದ ಹಾಗೆ.

ಇಪ್ಪತ್ತು ನಿಮಿಷದಲ್ಲಿ ಹೊಸ ಸ್ಟೀವರ್ಡ್ ಬಂದಳು. ರಸ್ತೆ ವಿಭಾಗದಲ್ಲಿ ಹಿಮ ತೆಗೆಯುವ ಲಾರಿ ಓಡಿಸುವವಳು, ಬೂಟಿನಲ್ಲಿ ಇನ್ನೂ ಉಪ್ಪು ಅಂಟಿತ್ತು. ಹಳದಿ ಕಾಗದದ ಪ್ಯಾಡ್ ತೆಗೆದು ದಿನಾಂಕ, ಗಂಟೆ ಬರೆದುಕೊಂಡಳು. ಕೇಳಿದ್ದು ಮೂರೇ ಪ್ರಶ್ನೆ: ದಾಖಲೆ ತೆಗೆದ ಸಮಯ ಎಷ್ಟು, ಆಗ ಇವಳು ಎಲ್ಲಿದ್ದಳು, ಆ ಕಂಪ್ಯೂಟರ್ ಎಷ್ಟು ಜನ ಬಳಸ್ತಾರೆ. ಸಮಯ ನೋಡಿದರೆ ನಾನು ಊಟದ ಬಿಡುವಿನಲ್ಲಿದ್ದೆ, ಬಾಗಿಲಿನ ಕಾರ್ಡ್ ರೀಡರ್‌ನಲ್ಲಿ ದಾಖಲಾಗಿತ್ತು. ಲಾಗೌಟ್ ಮಾಡದೆ ಹೋಗಿದ್ದು ನನ್ನ ತಪ್ಪು, ಒಪ್ಪಿಕೊಂಡೆ. ಅಮಾನತು ಆಗಬಹುದಾಗಿದ್ದದ್ದು ಎಚ್ಚರಿಕೆ ಪತ್ರಕ್ಕೆ ನಿಂತಿತು. ಹೊರಗೆ ಬಂದು ಥ್ಯಾಂಕ್ಸ್ ಹೇಳಿದರೆ, "ಮುಂದಿನ ಸಲ ಕಾರ್ಡ್ ಬಾಯಿಪಾಠ ಮಾಡಿಕೋ" ಅಂತ ಹೇಳಿ ಹೋದಳು.

ಕಳೆದ ಯುಗಾದಿಗೆ ಕನ್ನಡ ಕೂಟದಲ್ಲಿ ಈ ಕಥೆ ಹೇಳಿದೆ. ಕಾರು ಕಂಪನಿಯಲ್ಲಿರುವ ಒಬ್ಬರು ಅಣ್ಣ, ಹೋಳಿಗೆ ಮುರಿಯುತ್ತಾ, "ಕಂಪನಿಯಲ್ಲಿ ಸಂಘ ಸರಿನಮ್ಮ, ಅಲ್ಲಿ ಮಾಲೀಕನ ಲಾಭದಲ್ಲಿ ಪಾಲು ಕೇಳ್ತಾರೆ. ಸರ್ಕಾರದಲ್ಲಿ ಯಾರ ಹತ್ರ ಕೇಳ್ತೀರಿ? ನನ್ನ ತೆರಿಗೆ ದುಡ್ಡಲ್ಲಿ ತಾನೇ? ಮತ್ತೆ ಎದುರುಗಡೆ ಕೂರುವ ಅಧಿಕಾರಿಯನ್ನೂ ನಿಮ್ಮ ಸಂಘವೇ ಗೆಲ್ಲಿಸಿರುತ್ತೆ" ಅಂದರು. ಸುಮ್ನೆ ತಳ್ಳಿಹಾಕುವ ಮಾತಲ್ಲ. ಕಾರ್ಮಿಕರ ಪರ ಅಂತ ಹೆಸರಾದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್ವೆಲ್ಟ್ ಕೂಡ 1937ರಲ್ಲಿ, ಸಾಮೂಹಿಕ ಚೌಕಾಸಿಯನ್ನು (ಎಲ್ಲ ನೌಕರರ ಪರವಾಗಿ ಸಂಘವೇ ಕೂತು ಒಪ್ಪಂದ ಮಾತಾಡುವುದು) ಇದ್ದಹಾಗೇ ಸರ್ಕಾರಿ ಕೆಲಸಕ್ಕೆ ತರಲು ಆಗಲ್ಲ ಅಂತ ಪತ್ರ ಬರೆದಿದ್ದರು. ವಿಮಾನ ಸಂಚಾರ ನಿಯಂತ್ರಕರ ಸಂಘ 1980ರ ಚುನಾವಣೆಯಲ್ಲಿ ರೇಗನ್‌ರನ್ನೇ ಬೆಂಬಲಿಸಿತ್ತು, ಮರುವರ್ಷ ಮುಷ್ಕರ ಮಾಡಿದಾಗ ಅದೇ ರೇಗನ್ 11 ಸಾವಿರಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿದರು. ಗೆಲ್ಲಿಸಿದವರೆಲ್ಲ ನಮ್ಮವರಾಗಲ್ಲ ಅಣ್ಣ ಅಂದೆ.

ನಮಗೆ ಮುಷ್ಕರ ಮಾಡುವ ಹಕ್ಕೇ ಇಲ್ಲ. ಮಿಷಿಗನ್‌ನಲ್ಲಿ ಸರ್ಕಾರಿ ನೌಕರರ ಮುಷ್ಕರಕ್ಕೆ 1947ರಿಂದಲೇ ನಿಷೇಧ, ಅದರ ಬದಲಿಗೆ 1965ರಲ್ಲಿ ಕೂತು ಮಾತಾಡುವ ಹಕ್ಕು ಕೊಟ್ಟರು. ಊರಿನಲ್ಲಿ ನನ್ನ ಅಪ್ಪ ಗುಮಾಸ್ತರಾಗಿದ್ದವರು, ಇದನ್ನು ಕೇಳಿ ನಕ್ಕರು. ಅಲ್ಲಿ ಉಲ್ಟಾ. ಭಾರತದ ಸುಪ್ರೀಂ ಕೋರ್ಟ್ 2003ರಲ್ಲೇ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂದಿದೆ. ಆದರೂ 2023ರ ಮಾರ್ಚ್ 1ರಂದು ಕರ್ನಾಟಕದ ರಾಜ್ಯ ನೌಕರರು ಕೆಲಸಕ್ಕೆ ಹೋಗದೆ ಕೂತರು, ಅದೇ ದಿನ ಶೇ 17 ಮಧ್ಯಂತರ ಪರಿಹಾರದ ಆದೇಶ ಬಂತು, ಮುಷ್ಕರ ಮುಗೀತು. ಇಲ್ಲಿ ಅಂಥದ್ದು ಆಗಲ್ಲ. ಮೇಜಿನ ಎರಡು ಕಡೆ ಕೂತು ತಿಂಗಳುಗಟ್ಟಲೆ ಕಾಮಾ, ಫುಲ್‌ಸ್ಟಾಪ್‌ಗೆ ಜಗಳ ಆಡಬೇಕು. ಆ ಮೇಜನ್ನೂ ತೆಗೆದರೆ ಏನಾಗುತ್ತದೆ ಅಂತ ನೋಡಲು ಸರೋವರದ ಆಚೆ ದಡದ ವಿಸ್ಕಾನ್ಸಿನ್ ಇದೆ. 2011ರ ಆ್ಯಕ್ಟ್ 10 ಪ್ರಕಾರ ಬಹುತೇಕ ಸರ್ಕಾರಿ ನೌಕರರು ಮೂಲ ಸಂಬಳ ಬಿಟ್ಟು ಬೇರೇನೂ ಮಾತಾಡುವ ಹಾಗಿಲ್ಲ. ಪೊಲೀಸ್ ಮತ್ತು ಅಗ್ನಿಶಾಮಕದವರಿಗೆ ವಿನಾಯಿತಿ, ಪಾಪ ಅವರ ಮೇಲೆ ಎಲ್ಲ ಸರ್ಕಾರಗಳಿಗೂ ಪ್ರೀತಿ ಜಾಸ್ತಿ.

ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿಯಾದಾಗ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ 4.5 ಕತ್ತರಿಸಿದರು, ಬೆಲೆ ಏರಿದಂತೆ ಹೆಚ್ಚಾಗುತ್ತಿದ್ದದ್ದನ್ನೂ ನಿಲ್ಲಿಸಿದರು. ದಶಕಗಳ ಕಾಲ ಚಂದಾ ಕಟ್ಟಿದವರು ಅವರು. ಖಜಾನೆಯೇ ಖಾಲಿ ಆದಾಗ ಒಪ್ಪಂದದ ಕಾಗದ ಏನು ಮಾಡುತ್ತದೆ?

ಆದರೂ ಸರ್ಕಾರಿ ನೌಕರರಿಗೆ ಸಂಘ ಬೇಕು ಅಂತಲೇ ನನ್ನ ಮತ. ಆ ಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದರೆ ಏನೇನು ಒಪ್ಪಿಕೊಂಡುಬಿಡುತ್ತಿದ್ದೆನೋ. ಬಲವಂತದ ಚಂದಾ ಬೇಡ ಅಂತಲೂ ಅನ್ನುತ್ತೇನೆ. ಫಾರ್ಮ್ ನನ್ನ ಫೋಲ್ಡರ್‌ನಲ್ಲಿ ಇದೆ ಅಂತ ಗೊತ್ತಿದ್ದರೆ ಅವರೂ ಫೋನ್ ಎತ್ತುತ್ತಾರೆ. ಅರ್ಧ ಸ್ಟಾರ್ ಲಾರಿ ಓಡಿಸುವವಳಿಗೆ, ಉಳಿದ ಮೂರು ಸಂಘಕ್ಕೆ.

ಹೋದ ವಾರ ಹೊಸದಾಗಿ ಸೇರಿದ ಹುಡುಗಿ, "ಪುಕ್ಕಟೆ ಸಿಗುತ್ತಂತಲ್ಲ, ಯಾಕೆ ಕಟ್ಟಬೇಕು?" ಅಂತ ಕೇಳಿದಳು. ಹೌದು, ಪುಕ್ಕಟೆ ಸಿಗುತ್ತದೆ ಅಂದೆ. ಪರ್ಸಿನಲ್ಲಿದ್ದ ಇನ್ನೊಂದು ಕಾರ್ಡ್ ತೆಗೆದು, ಹಿಂದೆ ಅಚ್ಚಾಗಿದ್ದ ಹಳೇ ಸ್ಟೀವರ್ಡ್ ನಂಬರ್ ಹೊಡೆದುಹಾಕಿ, ಹೊಸ ನಂಬರ್ ಬರೆದು ಕೊಟ್ಟೆ.