ನಾಯಿಕೆಮ್ಮು: ಗರ್ಭಿಣಿಗೆ ಲಸಿಕೆಯೋ, ಮನೆಮಂದಿಗೆಲ್ಲವೋ?

ಹಸುಗೂಸಿಗೆ ನಾಯಿಕೆಮ್ಮು ತಗಲುವುದು ಹೆಚ್ಚಾಗಿ ಮನೆಯವರಿಂದಲೇ. ತಾಯಿ ಗರ್ಭಿಣಿಯಾಗಿದ್ದಾಗ, ಸಾಮಾನ್ಯವಾಗಿ 27ರಿಂದ 36ನೇ ವಾರದೊಳಗೆ, ಲಸಿಕೆ ಪಡೆದರೆ, ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಮಗು ಹುಟ್ಟುವ ಮೊದಲೇ ಅದಕ್ಕೆ ದಾಟುತ್ತವೆ. ತನ್ನದೇ ಲಸಿಕೆಯ ಸರದಿ ಬರುವವರೆಗೆ ಕೂಸಿಗೆ ಅದೇ ಕಾಪು.

ಅಪ್ಪ, ಅಜ್ಜಿ, ಅಕ್ಕಂದಿರಿಗೆಲ್ಲ ಲಸಿಕೆ ಹಾಕಿಸುವುದು ಇನ್ನೊಂದು ದಾರಿ. ಕೇಳಲು ಚೆನ್ನ. ಆದರೆ ಈಗಿನ ಅಸೆಲ್ಯುಲರ್ (ಇಡೀ ರೋಗಾಣುವಿನ ಬದಲು ಅದರ ಕೆಲವು ಭಾಗಗಳಿಂದಷ್ಟೇ ಮಾಡಿದ) ಲಸಿಕೆ ಕಾಯಿಲೆಯನ್ನು ತಡೆದಷ್ಟು ಚೆನ್ನಾಗಿ ಹರಡುವಿಕೆಯನ್ನು ತಡೆಯುವುದಿಲ್ಲ. ಲಸಿಕೆ ಪಡೆದ ಅಜ್ಜಿ ಜೋರಾಗಿ ಕೆಮ್ಮದೆಯೂ ಮೊಮ್ಮಗುವಿಗೆ ರೋಗಾಣು ದಾಟಿಸಬಹುದು. ಒಂದನ್ನೇ ಆರಿಸುವುದಾದರೆ ನನ್ನ ಮತ ಗರ್ಭಿಣಿಯ ಲಸಿಕೆಗೆ.

ಫ್ಲೂ ಮಾತು ಬೇರೆ. ಆರು ತಿಂಗಳೊಳಗಿನ ಮಗುವಿಗೆ ಆ ಲಸಿಕೆಯೇ ಇಲ್ಲ. ಅದಕ್ಕೇ ಗರ್ಭಿಣಿಯ ಜೊತೆ ಮನೆಮಂದಿಯೂ ಲಸಿಕೆಗೆ ತೋಳು ಚಾಚಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು, ಕೂಸು ತೊಟ್ಟಿಲಿಗೆ ಬಂದ ಮೇಲೆ ಓಡಿದರೆ ತಡ.