ಟೇಪ್ ಅಂಟಿಸಿ ನೋಡಿ ಕೊಂಡ 50 ಮಿ.ಮೀ. ಲೆನ್ಸ್

ಶಾಲೆಯ ನಾಟಕದಲ್ಲಿ ನನ್ನ ಮಗಳು ಗುಬ್ಬಚ್ಚಿ ಆಗಿದ್ದಳು. ಕಾಗದದ ರೆಕ್ಕೆ ಕಟ್ಟಿಕೊಂಡು ವೇದಿಕೆ ತುಂಬಾ ಓಡಾಡಿದಳು. ನಾನು ಮೂರನೇ ಸಾಲಿನಲ್ಲಿ ಕೂತು ಇನ್ನೂರು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹಿಂದೆ ಕಟ್ಟಿದ್ದ ಪರದೆ, ಅದರ ಮೇಲೆ ಬರೆದಿದ್ದ ಮರದ ಎಲೆಗಳು ಎಲ್ಲ ಸ್ಪಷ್ಟವಾಗಿವೆ. ಮಗಳ ಮುಖ ಮಾತ್ರ ಕಲಸಿಹೋಗಿದೆ. ರೆಕ್ಕೆ ಇದ್ದ ಕಡೆ ಬರೀ ಬಿಳಿ ಹೊಗೆ.

ನನ್ನ ಹತ್ತಿರ ಆಗ ಇದ್ದದ್ದು ಕ್ಯಾಮೆರಾ ಜೊತೆ ಬರುವ 18–55 ಮಿ.ಮೀ. ಜೂಮ್. ಮಿ.ಮೀ. ಹೆಚ್ಚಿದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ, ಚಿತ್ರದೊಳಗೆ ಹಿಡಿಯುವ ಜಾಗ ಕಡಿಮೆಯಾಗುತ್ತದೆ. 55ಕ್ಕೆ ತಿರುಗಿಸಿದರೆ ಅದರ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 3200 ಇಟ್ಟರೂ ಆ ಬೆಳಕಿಗೆ ಶಟರ್ 1/30 ಸೆಕೆಂಡ್‌ಗೆ ಇಳಿದಿತ್ತು. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆ, ಆದರೆ ಅದು ತಡೆಯುವುದು ನನ್ನ ಕೈ ನಡುಕವನ್ನು ಮಾತ್ರ. ಓಡುವ ಮಗು ಫೋಟೋದಲ್ಲಿ ನಿಲ್ಲಬೇಕಾದರೆ ಶಟರ್ ಬೇಗ ಮುಚ್ಚಬೇಕು, ಅದಕ್ಕೆ ಬೆಳಕು ಬೇಕು. ಪರದೆ ಸ್ಪಷ್ಟವಾಗಿ ಬಂದು ಮಗಳು ಮಸುಕಾಗಿದ್ದು ಇದಕ್ಕೇ.

ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ, ಆದರೆ ಕಿಂಡಿ ದೊಡ್ಡದಾಗಿ ತೆರೆಯುವ ಲೆನ್ಸ್, ಬೇಕು ಅಂತ ಆವತ್ತೇ ಅನ್ನಿಸಿತು. ಆದರೆ ಯಾವುದು? ಅವರಿವರು ಹೇಳಿದ್ದನ್ನು ಕೇಳಿ ಮೂರು ಪ್ರೈಮ್‌ಗಳ ಸೆಟ್ ಕೊಳ್ಳುವವನಿದ್ದೆ. ಅದಕ್ಕೆ ಮೊದಲು ನನ್ನ ಹಳೆಯ ಫೋಟೋಗಳನ್ನು ಒಂದು ಸಲ ತೆರೆದು ನೋಡಿದೆ. ಯಾವ ಫೋಟೋ ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಎಂಬುದು ಫೈಲಿನಲ್ಲೇ ಬರೆದಿರುತ್ತದೆ. ನನ್ನವು ಹೆಚ್ಚಿನವು ಎರಡು ತುದಿಯಲ್ಲೇ ಇದ್ದವು, ಒಂದೋ 18, ಇಲ್ಲ 55. ಮಧ್ಯದ್ದು ತೀರಾ ಕಡಿಮೆ. ಮುಖಗಳೆಲ್ಲ 55ರಲ್ಲಿ, ಊರು ಸುತ್ತಿದ ಫೋಟೋಗಳೆಲ್ಲ 18ರಲ್ಲಿ.

ಆಮೇಲೆ, ಜೂಮ್ ಇಲ್ಲದೆ ಒಂದೇ ಅಳತೆಯಲ್ಲಿ ನಡೆಯುತ್ತದೆಯೇ ಅಂತ ನೋಡಲು, ಜೂಮ್ ರಿಂಗನ್ನು 55ರ ತುದಿಗೆ ತಿರುಗಿಸಿ, ಅಲುಗಾಡದಂತೆ ಒಂದು ತುಂಡು ಟೇಪ್ ಅಂಟಿಸಿದೆ. ಎರಡು ವಾರ ಅದರಲ್ಲೇ ತೆಗೆದೆ. ಲೆನ್ಸ್ ಕೊಳ್ಳುವ ಯೋಚನೆ ಇರುವ ಎಲ್ಲರೂ ದಯವಿಟ್ಟು ಇದೊಂದು ಕೆಲಸ ಮಾಡಿ. ಒಂದು ಪೈಸೆ ಖರ್ಚಿಲ್ಲ.

ಕೊನೆಗೆ ಕೊಂಡದ್ದು ಕ್ಯಾನನ್ ಇಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದ ಲೆನ್ಸ್. ತೂಕ ಸುಮಾರು 160 ಗ್ರಾಂ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಇದೇ ಕಂಪನಿಯ 24–70 ಎಫ್/2.8ರ ಎರಡನೇ ಆವೃತ್ತಿಯನ್ನು ಗೆಳೆಯನ ಕ್ಯಾಮೆರಾದಲ್ಲಿ ಹಿಡಿದು ನೋಡಿದ್ದೇನೆ. ಅದು 805 ಗ್ರಾಂ. ಬಹಳ ಒಳ್ಳೆಯ ಲೆನ್ಸ್, ಆದರೆ ಅದನ್ನು ಕುತ್ತಿಗೆಗೆ ಹಾಕಿಕೊಂಡು ಮಗುವಿನ ಹಿಂದೆ ದಿನವಿಡೀ ಓಡುವುದು ನನ್ನಿಂದಾಗದು.

ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಅದೇ ವೇದಿಕೆ, ಅದೇ ಐಎಸ್‌ಒದಲ್ಲಿ 1/30 ಇದ್ದ ಶಟರ್ 1/320ಕ್ಕೆ ಏರುತ್ತದೆ. ಮುಂದಿನ ನಾಟಕದಲ್ಲಿ ಇದನ್ನು ಕಣ್ಣಾರೆ ಕಂಡೆ. ಮಗಳು ಜಿಗಿದ ಕ್ಷಣದ ಒಂದು ಫೋಟೋ ಇದೆ. ಕೂದಲಿನ ಎಳೆ ಎಳೆಯೂ ಗಾಳಿಯಲ್ಲಿ ನಿಂತಿದೆ. ಹಣೆಗೆ ಅಂಟಿದ್ದ ಬೆವರು ಕೂಡ ಕಾಣಿಸುತ್ತದೆ. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಆದರೆ ಅದೇ ಸಂಜೆ ಕೊನೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಬಂದು ಕೈ ಕೈ ಹಿಡಿದು ನಿಂತರು. 50ರಲ್ಲಿ ಅರ್ಧ ಸಾಲು ಕೂಡ ಹಿಡಿಯಲಿಲ್ಲ. ನನ್ನದು ಚಿಕ್ಕ ಸೆನ್ಸರ್ ಕ್ಯಾಮೆರಾ, ಅದರಲ್ಲಿ 50 ಮಿ.ಮೀ. ಅಂದರೆ ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ಕ್ಯಾಮೆರಾದಲ್ಲಿ 80 ಇದ್ದಷ್ಟು ಬಿಗಿ. ಹಿಂದೆ ಸರಿಯೋಣ ಅಂದರೆ ಕುರ್ಚಿಗಳ ಮೇಲೆಲ್ಲ ಜನ. ಕತ್ತಲಲ್ಲಿ ತಡಕಾಡಿ ಲೆನ್ಸ್ ಬದಲಾಯಿಸುವಷ್ಟರಲ್ಲಿ ಪರದೆ ಬಿತ್ತು. ಆ ಫೋಟೋ ಸಿಗಲೇ ಇಲ್ಲ.

‘ಪ್ರೈಮ್ ಇದ್ದರೆ ಕಾಲೇ ಜೂಮ್’ ಅನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದರೆ ಮುಖವಷ್ಟೇ ದೊಡ್ಡದಾಗುವುದಿಲ್ಲ. ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ, ಬೆನ್ನ ಹಿಂದಿನ ಮರ ಮುಖದ ಎದುರು ಚಿಕ್ಕದಾಗುತ್ತದೆ. ನಿಂತ ಜಾಗ ಬದಲಾದರೆ ಚಿತ್ರವೇ ಬೇರೆ. ಜೂಮ್ ತಿರುಗಿಸಿದರೆ ಹಾಗಾಗುವುದಿಲ್ಲ, ಇದ್ದದ್ದರಲ್ಲೇ ಎಷ್ಟು ಬೇಕೋ ಅಷ್ಟನ್ನು ಕತ್ತರಿಸಿಕೊಡುತ್ತದೆ. ಎರಡೂ ಬೇರೆ ಬೇರೆ ಕೆಲಸ ಅಲ್ವಾ?

ಹೊಸದಾಗಿ ಎಫ್/1.8 ಸಿಕ್ಕಾಗ ಎಲ್ಲವನ್ನೂ ಅದರಲ್ಲೇ ತೆಗೆಯುವ ಆಸೆ ಬರುತ್ತದೆ. ನನಗೂ ಬಂತು. ಆದರೆ ಒಂದು ಮೀಟರ್ ದೂರದಿಂದ ತೆಗೆದರೆ ನನ್ನ ಕ್ಯಾಮೆರಾದಲ್ಲಿ ಫೋಕಸ್ ಆಗಿರುವ ಭಾಗ ಎರಡೂವರೆ ಸೆಂಟಿಮೀಟರಿನಷ್ಟೇ. ಕಣ್ಣಿನ ರೆಪ್ಪೆ ಚೂಪಾಗಿದ್ದರೆ ಕಿವಿ ಮಸುಕು. ಒಬ್ಬರ ಮುಖಕ್ಕೆ ಚೆಂದ. ಎರಡು ಸಾಲಿನಲ್ಲಿ ನಿಂತವರ ಫೋಟೋ ಆದರೆ ಎಫ್/5.6, ಎಫ್/8ಕ್ಕೆ ಹೋಗಲೇಬೇಕು. ಅಷ್ಟು ಬೆಳಕಿರುವ ಕಡೆ ಹಳೆಯ ಜೂಮ್ ಕೂಡ ಸೊಗಸಾಗಿ ಕೆಲಸ ಮಾಡುತ್ತದೆ, ಅದನ್ನು ಸುಮ್ನೆ ಮಾರಬೇಡಿ. ಪ್ರವಾಸಕ್ಕೆ ನಾನು ಇವತ್ತಿಗೂ ಅದನ್ನೇ ಒಯ್ಯುವುದು. ಧೂಳಿನಲ್ಲಿ ಲೆನ್ಸ್ ಬಿಚ್ಚುವ ತಾಪತ್ರಯ ಇಲ್ಲ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಜೊತೆಗೆ ಬಂದ ಜೂಮ್ ಇರಲಿ, ಕತ್ತಲಲ್ಲಿ ನಿಮಗೆ ಹೆಚ್ಚು ಬೇಕಾಗುವ ಮಿ.ಮೀ. ಅಳತೆಯ ಒಂದೇ ಒಂದು ಪ್ರೈಮ್ ಕೊಳ್ಳಿ. ಮೂರರ ಸೆಟ್ ಬೇಡ. ಮನೆಯೊಳಗಿನ ಫೋಟೋಗಳೇ ಜಾಸ್ತಿ ಅಂತಾದರೆ, ಚಿಕ್ಕ ಸೆನ್ಸರಿಗೆ 50 ಕೂಡ ಬೇಡ. ಗೋಡೆಗೆ ಬೆನ್ನು ಒತ್ತಿ ನಿಂತರೂ ಜಾಗ ಸಾಲುವುದಿಲ್ಲ.

ನನ್ನ ಜೂಮ್ ರಿಂಗಿನ ಮೇಲೆ ಈಗ ಮತ್ತೆ ಟೇಪ್ ಇದೆ, ಈ ಸಲ 24ರ ಗುರುತಿಗೆ. 24 ಮಿ.ಮೀ. ಎಫ್/2.8ರ ಒಂದು ಪುಟ್ಟ ಲೆನ್ಸ್ ಮೇಲೆ ಕಣ್ಣಿದೆ, 125 ಗ್ರಾಂ ಅಷ್ಟೇ. ಮಗಳು ಊಟದ ಮೇಜಿನ ಆಚೆ ಕೂತು ಚಿತ್ರ ಬರೆಯುತ್ತಾಳೆ, ನಾನು ಈಚೆ ಕೂತು ತೆಗೆಯುತ್ತೇನೆ. ಐದು ದಿನ ಆಯಿತು. ಅವಳೂ ಬರುತ್ತಿದ್ದಾಳೆ, ಅವಳ ಬಣ್ಣದ ಪೆನ್ಸಿಲ್‌ಗಳೂ ಬರುತ್ತಿವೆ.